ಹೆಡ್‌ಸ್ಪೇಸ್ ಸರಿ ಇದೆ, ಆದರೂ ಬೋಲ್ಟ್ ಬಿಗಿ: ಥ್ರೋಟ್ ಗಿಡ್ಡವೇ ಎಂದು ಪತ್ತೆ ಹಚ್ಚುವುದು ಹೇಗೆ

ರೈಫಲ್ಲಿಗೆ ಹೊಸ ಬ್ಯಾರೆಲ್ ಕೂರಿಸಿದ್ದಾಗಿದೆ. ಹೆಡ್‌ಸ್ಪೇಸ್ ನೋಡುವ ಗೋ ಗೇಜ್ (ಕನಿಷ್ಠ ಅಳತೆಯ ತುಂಡು) ಹಾಕಿದರೆ ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ. ನೋ-ಗೋ (ಅದಕ್ಕಿಂತ ತುಸು ಉದ್ದದ್ದು) ಹಾಕಿದರೆ ಮುಚ್ಚುವುದಿಲ್ಲ. ಇನ್ನೇನು ಬೇಕು ಅಂತ ಅಂಗಡಿಯಿಂದ ತಂದ ತೋಟೆ ಹಾಕಿದರೆ ಬೋಲ್ಟಿನ ಹಿಡಿ ಕೆಳಗೆ ಬರುವ ಕೊನೆಯ ಹಂತದಲ್ಲಿ ತಡೆಯುತ್ತದೆ. ಹೊರಗೆ ತೆಗೆದು ನೋಡಿದರೆ ಗುಂಡಿನ ಮೇಲೆ ಸಣ್ಣ ಸಣ್ಣ ಗೀರುಗಳು. ಇನ್ನೂ ಕೆಟ್ಟದ್ದೆಂದರೆ, ಕೇಸ್ ಮಾತ್ರ ಹೊರಗೆ ಬರುತ್ತದೆ, ಗುಂಡು ಬ್ಯಾರೆಲ್ಲಿನಲ್ಲೇ ಉಳಿಯುತ್ತದೆ, ಮದ್ದಿನ ಕಾಳು ಆಕ್ಷನ್ (ಬೋಲ್ಟ್ ಓಡಾಡುವ ಭಾಗ) ತುಂಬ ಚೆಲ್ಲಿಕೊಳ್ಳುತ್ತದೆ.

ಇದನ್ನು ನೋಡಿದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು "ಥ್ರೋಟ್ ಗಿಡ್ಡ ಆಗಿದೆ". ಥ್ರೋಟ್ ಎಂದರೆ ತೋಟೆ ಕೂರುವ ಚೇಂಬರಿನ ಮುಂತುದಿ, ಗುಂಡು ಬ್ಯಾರೆಲ್ಲಿಗೆ ಹೊಕ್ಕುವ ಜಾಗ. ಎಷ್ಟೋ ಸಲ ಅದು ನಿಜ. ಆದರೆ ಇದೇ ಲಕ್ಷಣ ತೋರಿಸುವ ಬೇರೆ ದೋಷಗಳೂ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಬ್ಯಾರೆಲ್ಲನ್ನು ಮುಟ್ಟಬೇಕಾಗಿಯೇ ಇಲ್ಲ. ಉಕ್ಕನ್ನು ಒಮ್ಮೆ ಕೆರೆದರೆ ವಾಪಸ್ ಅಂಟಿಸಲು ಆಗುವುದಿಲ್ಲ. ಅದಕ್ಕೇ ಮೊದಲು ಅಳತೆ, ಆಮೇಲೆ ರೀಮರ್ (ಚೇಂಬರ್ ಕೊರೆಯುವ ಉಪಕರಣ).

ಇಲ್ಲಿ ಬರೆಯುತ್ತಿರುವುದು ಅಮೆರಿಕದ ಬೋಲ್ಟ್ ಆಕ್ಷನ್ ರೈಫಲ್ ಬಗ್ಗೆ. ಅಲ್ಲಿ ಸ್ವಂತ ಬಳಕೆಗೆ ರೈಫಲ್ ಜೋಡಿಸಿಕೊಳ್ಳುವುದು ಬಹುಪಾಲು ರಾಜ್ಯಗಳಲ್ಲಿ ಕಾನೂನಿನೊಳಗಿನ ಹವ್ಯಾಸ. ಸ್ಯಾವೇಜ್ ಕಂಪನಿ 1958ರಲ್ಲಿ ತಂದ 110 ಮಾದರಿಯಲ್ಲಿ ಬ್ಯಾರೆಲ್ಲನ್ನು ಒಂದು ನಟ್ ಹಿಡಿದಿಡುತ್ತದೆ. ಹಾಗಾಗಿ ಲೇತ್ ಇಲ್ಲದವರೂ ಗೇಜ್ ಮತ್ತು ಸ್ಪ್ಯಾನರ್ ಇಟ್ಟುಕೊಂಡು ಬ್ಯಾರೆಲ್ ಬದಲಿಸಿಕೊಳ್ಳುತ್ತಾರೆ. ಭಾರತದಲ್ಲಿ ಕಥೆಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದು ಅಪರಾಧ. ಕೊಡವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಸುವುದಕ್ಕಲ್ಲ. ಊರಿನಲ್ಲಿ ಕೂತು ಓದುತ್ತಿರುವವರು ಇದನ್ನು ತಿಳಿವಳಿಕೆಗೆ ಓದಿಕೊಳ್ಳಿ, ಅಷ್ಟೇ.

ಗೇಜ್ ಏನನ್ನು ನೋಡುವುದಿಲ್ಲ

ಉದಾಹರಣೆಗೆ .308 ವಿಂಚೆಸ್ಟರ್ ತೆಗೆದುಕೊಳ್ಳೋಣ. 1952ರಿಂದ ಬಳಕೆಯಲ್ಲಿರುವ, ಎಲ್ಲರಿಗೂ ಪರಿಚಯದ ತೋಟೆ. ಚೇಂಬರಿನಲ್ಲಿ ಹಿಂದಿನಿಂದ ಮುಂದಕ್ಕೆ ಹೋದರೆ ಮೊದಲು ಕೇಸಿನ ಮೈ, ಆಮೇಲೆ ಇಳಿಜಾರಿನ ಭುಜ, ಆಮೇಲೆ ಕುತ್ತಿಗೆ. ಕುತ್ತಿಗೆ ಮುಗಿದ ಮೇಲೆ ಥ್ರೋಟ್. ಅದರಲ್ಲಿ ಎರಡು ಭಾಗ. ಮೊದಲನೆಯದು ಫ್ರೀಬೋರ್. ಗುಂಡಿಗಿಂತ ಕೂದಲೆಳೆಯಷ್ಟು ಅಗಲವಾದ, ರೈಫ್ಲಿಂಗ್ (ಬ್ಯಾರೆಲ್ಲಿನ ಒಳಗಿನ ಸುರುಳಿ ಕೊರೆತ) ಇಲ್ಲದ ನೇರ ಕೊಳವೆ. ಎರಡನೆಯದು ಲೀಡ್. ರೈಫ್ಲಿಂಗಿನ ಲ್ಯಾಂಡುಗಳು, ಅಂದರೆ ಕೊರೆತಗಳ ನಡುವಿನ ಏಣುಗಳು, ನಿಧಾನವಾಗಿ ಎದ್ದು ನಿಲ್ಲುವ ಓರೆ.

ಹೆಡ್‌ಸ್ಪೇಸ್ ಎಂದರೆ ಬೋಲ್ಟಿನ ಮುಖದಿಂದ ಭುಜದ ಮೇಲಿನ ಒಂದು ಗೊತ್ತಾದ ಜಾಗದವರೆಗಿನ ದೂರ. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ 1.634 ಇಂಚು. ಗೇಜ್ ಭುಜಕ್ಕೆ ತಾಗಿ ನಿಂತುಬಿಡುತ್ತದೆ. ಅದಕ್ಕೆ ಗುಂಡಿನ ಭಾಗವೇ ಇಲ್ಲ. ಹಾಗಾಗಿ ಭುಜದ ಆಚೆ ಏನಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ಗೇಜ್ ಪಾಸಾದರೆ ಹೆಡ್‌ಸ್ಪೇಸ್ ಪಾಸು, ಚೇಂಬರ್ ಪಾಸಲ್ಲ. ಮನೆಯಲ್ಲಿ ಬ್ಯಾರೆಲ್ ಕೂರಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಮಾತು. ಥ್ರೋಟ್ ತನ್ನಷ್ಟಕ್ಕೆ ತಾನೇ ಗಿಡ್ಡ ಅಥವಾ ಉದ್ದ ಆಗಿರುವುದಿಲ್ಲ. ಯಾವುದೋ ಒಂದು ಗುಂಡಿಗೆ ಅದು ಗಿಡ್ಡ. ಅಮೆರಿಕದಲ್ಲಿ ತೋಟೆ, ಚೇಂಬರುಗಳ ಅಳತೆ ನಿಗದಿ ಮಾಡುವ ಸಾಮಿ (SAAMI) ಸಂಸ್ಥೆಯ ನಕ್ಷೆಯಲ್ಲಿ .308ರ ಫ್ರೀಬೋರ್ ಸುಮಾರು 0.090 ಇಂಚು. 2007ರಲ್ಲಿ ಹಾರ್ನಡಿ ತಂದ 6.5 ಕ್ರೀಡ್‌ಮೂರ್‌ಗೆ 0.199 ಇಂಚು, ಯಾಕೆಂದರೆ ಅದನ್ನು ಉದ್ದ ಮೂತಿಯ ಗುಂಡಿಗೆಂದೇ ಮಾಡಿದ್ದು. ಅದೇ .308ರಲ್ಲಿ 150 ಗ್ರೇನಿನ (ಗ್ರೇನ್ ಗುಂಡಿನ ತೂಕದ ಅಳತೆ) ಬೇಟೆ ಗುಂಡು ಆರಾಮಾಗಿ ಕೂತು, 175 ಗ್ರೇನಿನ ಟಾರ್ಗೆಟ್ ಗುಂಡು ಲ್ಯಾಂಡಿಗೆ ಗುದ್ದಬಹುದು. ಆಗ ತಪ್ಪು ಯಾರದು? ಅದನ್ನೇ ಈಗ ಪತ್ತೆ ಮಾಡಬೇಕಿರುವುದು.

ಶುರು ಮಾಡುವ ಮುಂಚೆ

ಪರೀಕ್ಷೆ ಪೂರ್ತಿ ಡಮ್ಮಿ ತೋಟೆಯಲ್ಲೇ ನಡೆಯಬೇಕು. ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ತುಂಡು) ಇಲ್ಲ, ಮದ್ದು ಇಲ್ಲ, ಕೇಸ್ ಮತ್ತು ಗುಂಡು ಮಾತ್ರ. ಜೀವಂತ ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಅಡುಗೆಮನೆ ಟೇಬಲ್ಲಿನ ಮೇಲೆ ಜೀವಂತ ತೋಟೆ ಹಾಕಿ "ಸುಮ್ನೆ ಬೋಲ್ಟ್ ಮುಚ್ಚುತ್ತಾ ನೋಡೋಣ" ಅನ್ನುವವರಿದ್ದಾರೆ. ದಯವಿಟ್ಟು ಬೇಡ.

ಗುಂಡು ಈಗಾಗಲೇ ಬ್ಯಾರೆಲ್ಲಿನಲ್ಲಿ ಸಿಕ್ಕಿಕೊಂಡಿದ್ದರೆ ಬೋಲ್ಟ್ ತೆಗೆಯಿರಿ. ಚೆಲ್ಲಿದ ಮದ್ದನ್ನು ಪೂರ್ತಿ ಸ್ವಚ್ಛ ಮಾಡಿ. ಆಮೇಲೆ ಬ್ಯಾರೆಲ್ಲಿನ ಮೂತಿಯ ಕಡೆಯಿಂದ ಕ್ಲೀನಿಂಗ್ ರಾಡ್ ಹಾಕಿ ಮೆಲ್ಲಗೆ ತಟ್ಟಿ ಹಿಂದಕ್ಕೆ ತಳ್ಳಿ. ಇನ್ನೊಂದು ತೋಟೆ ಹಾರಿಸಿ ಅದನ್ನು ಹೊರಗೆ ಕಳಿಸುವ ಯೋಚನೆ ತಲೆಗೆ ಬಂದರೂ ತಪ್ಪು. ಹಾಗೆ ಮಾಡಿದರೆ ಬ್ಯಾರೆಲ್ ಸಿಡಿಯಬಹುದು. ಇನ್ನು ಪೂರ್ತಿ ಜೀವಂತ ತೋಟೆಯೇ ಸಿಕ್ಕಿಕೊಂಡು ಬೋಲ್ಟ್ ತೆರೆಯದಿದ್ದರೆ ಸುತ್ತಿಗೆ, ರಾಡ್ ಎರಡೂ ಬೇಡ. ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಗನ್‌ಸ್ಮಿತ್‌ಗೆ ಫೋನ್ ಮಾಡಿ, ಅವರು ಹೇಳಿದಂತೆ ನಡೆಯಿರಿ.

ಮೊದಲ ಪರೀಕ್ಷೆ: ಗುಂಡೇ ಇಲ್ಲದ ಕೇಸ್

ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಬೋಲ್ಟಿನಿಂದ ಫೈರಿಂಗ್ ಪಿನ್ ಮತ್ತು ಇಜೆಕ್ಟರ್ (ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ಬಿಚ್ಚಿಡಿ. ಸ್ಪ್ರಿಂಗುಗಳ ಒತ್ತಡ ಹೋದರೆ ಬೋಲ್ಟಿನ ಹಿಡಿ ತನ್ನ ತೂಕಕ್ಕೇ ಕೆಳಗೆ ಬೀಳಬೇಕು. ಸಣ್ಣ ತಡೆಯೂ ಆಗ ಕೈಗೆ ಗೊತ್ತಾಗುತ್ತದೆ. ಹಳೆಯ ಮೌಸರ್ 98ರಲ್ಲಿ ಇಜೆಕ್ಟರ್ ಬೋಲ್ಟಿನಲ್ಲಿ ಇರುವುದೇ ಇಲ್ಲ, ಅಲ್ಲಿ ಒಂದು ಕೆಲಸ ಕಡಿಮೆ.

ಈಗ ಪೂರ್ತಿ ಸೈಜ್ ಮಾಡಿದ (ಡೈಯಲ್ಲಿ ಒತ್ತಿ ಮೂಲ ಅಳತೆಗೆ ತಂದ), ಟ್ರಿಮ್ ಮಾಡಿದ (ಬಾಯಿ ಕತ್ತರಿಸಿ ಉದ್ದ ಸರಿಪಡಿಸಿದ) ಖಾಲಿ ಕೇಸ್ ಹಾಕಿ. ಹಿಡಿ ಬೀಳದಿದ್ದರೆ ಥ್ರೋಟಿಗೂ ಇದಕ್ಕೂ ಸಂಬಂಧವಿಲ್ಲ. ಗುಂಡೇ ಇಲ್ಲವಲ್ಲ! ಆಗ ನೋಡಬೇಕಾದ ಜಾಗಗಳು ಬೇರೆ. ಸೈಜಿಂಗ್ ಡೈ ಸಾಕಷ್ಟು ಕೆಳಗೆ ಕೂರದೆ ಕೇಸಿನ ಭುಜ ಮುಂದೆಯೇ ಉಳಿದಿರಬಹುದು. ರೀಮರ್ ಓಡಿಸಿದಾಗ ಉಳಿದ ಲೋಹದ ಚೂರು ಚೇಂಬರಿನಲ್ಲಿ ಕೂತಿರಬಹುದು, ಮನೆಯಲ್ಲಿ ಚೇಂಬರ್ ಮಾಡಿದ ಬ್ಯಾರೆಲ್ಲಿನಲ್ಲಿ ಇದು ಹೊಸದಲ್ಲ. ಕೇಸ್ ಉದ್ದವಾಗಿರಬಹುದು. .308 ಕೇಸಿನ ಗರಿಷ್ಠ ಉದ್ದ 2.015 ಇಂಚು, ಟ್ರಿಮ್ ಮಾಡುವುದು 2.005ಕ್ಕೆ. ಗರಿಷ್ಠ ಉದ್ದ ಮೀರಿದರೆ ಕೇಸಿನ ಬಾಯಿ ಚೇಂಬರಿನ ಕುತ್ತಿಗೆಯ ತುದಿಗೆ ಗುದ್ದಿ ಗುಂಡನ್ನು ಅವುಚಿ ಹಿಡಿಯುತ್ತದೆ. ಒತ್ತಡ ಏರುತ್ತದೆ, ಬೈಗುಳ ಥ್ರೋಟಿಗೆ.

ಖಾಲಿ ಕೇಸಿಗೆ ಹಿಡಿ ಸಲೀಸಾಗಿ ಬಿದ್ದು, ಗುಂಡು ಕೂರಿಸಿದ ಮೇಲೆ ಮಾತ್ರ ತಡೆದರೆ, ಅನುಮಾನ ಈಗ ಸರಿಯಾದ ದಾರಿಯಲ್ಲಿದೆ.

ಮಾರ್ಕರ್ ಪೆನ್ ಹೇಳುವ ಕಥೆ

ಡಮ್ಮಿ ತೋಟೆಯ ಮೂರು ಜಾಗಕ್ಕೆ ಕಪ್ಪು ಮಾರ್ಕರ್ ಬಳಿಯಿರಿ: ಭುಜ, ಕೇಸಿನ ಬಾಯಿಯ ಅಂಚು, ಹೊರಗೆ ಕಾಣುವ ಗುಂಡು. ಒಣಗಲು ಬಿಡಿ. ಕೈಯಿಂದ ನೇರವಾಗಿ ಚೇಂಬರಿಗೆ ಹಾಕಿ. ಮ್ಯಾಗಜೀನಿನಿಂದ ಹಾಕಿದರೆ ಫೀಡ್ ರ‍್ಯಾಂಪಿನ ಗೀರುಗಳೂ ಸೇರಿಕೊಂಡು ತಲೆ ಕೆಡಿಸುತ್ತವೆ. ಬೋಲ್ಟ್ ಮುಚ್ಚಿ, ತೆರೆದು, ನಿಧಾನವಾಗಿ ಹೊರಗೆ ತೆಗೆಯಿರಿ.

ಬಣ್ಣ ಎಲ್ಲಿ ಹೋಗಿದೆ ನೋಡಿ. ಗುಂಡಿನ ಮೂತಿ ಬಾಗಲು ಶುರುವಾಗುವ ಜಾಗದಲ್ಲಿ, ಸಮ ಅಂತರದಲ್ಲಿ, ಬ್ಯಾರೆಲ್ಲಿನಲ್ಲಿ ಎಷ್ಟು ಲ್ಯಾಂಡ್ ಇವೆಯೋ ಅಷ್ಟೇ ಗುರುತುಗಳಿದ್ದರೆ ಗುಂಡು ಲ್ಯಾಂಡಿಗೆ ತಾಗುತ್ತಿದೆ. ಗುರುತು ಉದ್ದವಾದಷ್ಟೂ ಗುಂಡು ಒಳಗೆ ಹೊಕ್ಕಿದೆ ಎಂದರ್ಥ.

ಲ್ಯಾಂಡಿನ ಗುರುತಿನ ಬದಲು ಗುಂಡಿನ ನೇರ ಭಾಗದಲ್ಲಿ, ಕೇಸಿನ ಬಾಯಿಯ ಹತ್ತಿರ, ಸುತ್ತಲೂ ಬಳೆಯಂತೆ ಬಣ್ಣ ಹೋಗಿದ್ದರೆ ವಿಷಯ ಬೇರೆ. ಅಲ್ಲಿ ಕಡಿಮೆ ಇರುವುದು ಉದ್ದ ಅಲ್ಲ, ಅಗಲ. ಫ್ರೀಬೋರ್ ವ್ಯಾಸ ಬಿಗಿಯಾಗಿರಬಹುದು, ಅಥವಾ ಗುಂಡೇ 0.308 ಇಂಚಿಗಿಂತ ದಪ್ಪ ಇರಬಹುದು. ಮೈಕ್ರೋಮೀಟರ್ ಹಿಡಿದು ಗುಂಡನ್ನು ಅಳೆಯಿರಿ. ಬ್ಯಾರೆಲ್ ಹೊಸದಲ್ಲದಿದ್ದರೆ ಕಾರ್ಬನ್ ರಿಂಗ್ ಮೇಲೂ ಅನುಮಾನ ಇರಲಿ. ಕೇಸಿನ ಬಾಯಿಯ ಮುಂದೆ ಮಸಿ ಸುಟ್ಟು ಗಾಜಿನಂತೆ ಗಟ್ಟಿಯಾಗುತ್ತದೆ. ಮೊದಲು ಚೆನ್ನಾಗಿ ಓಡುತ್ತಿದ್ದ ರೈಫಲ್ ಇದ್ದಕ್ಕಿದ್ದಂತೆ ಬಿಗಿಯಾದರೆ ಹತ್ತಕ್ಕೆ ಒಂಬತ್ತು ಪಾಲು ಇದನ್ನೇ ಮೊದಲು ನೋಡಬೇಕು. ಥ್ರೋಟ್ ಬಳಸಿದಂತೆಲ್ಲ ಸವೆದು ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬೆಳೆಯುವುದಿಲ್ಲ.

ಒಂದೇ ಬದಿಯಲ್ಲಿ ಗುರುತು ಬಂದರೆ? ಗುಂಡು ಕೇಸಿನಲ್ಲಿ ಓರೆಯಾಗಿ ಕೂತಿರಬಹುದು. ಬೇರೆ ಬೇರೆ ಡಮ್ಮಿಗಳನ್ನು ಬೇರೆ ಬೇರೆ ಕಡೆ ತಿರುಗಿಸಿ ಹಾಕಿ ನೋಡಿ. ಗುರುತು ಯಾವಾಗಲೂ ಬ್ಯಾರೆಲ್ಲಿನ ಅದೇ ಬದಿಯಲ್ಲಿ ಬಂದರೆ ಚೇಂಬರನ್ನೇ ವಾರೆಯಾಗಿ ಕೊರೆದಿದ್ದಾರೆ. ಇದು ಕೆಟ್ಟ ಸುದ್ದಿ. ಥ್ರೋಟ್ ಉದ್ದ ಮಾಡಿದರೂ ಅದು ಸರಿಹೋಗುವುದಿಲ್ಲ.

ಭುಜದ ಬಣ್ಣ ಹೋಗಿದೆ, ಬಾಯಿಯ ಅಂಚು ಹೊಳೆಯುತ್ತಿದೆ ಅಂದರೆ ಹಿಂದಿನ ಪರೀಕ್ಷೆಗೆ ವಾಪಸ್ ಹೋಗಿ.

ಅಳತೆ

ಇಲ್ಲಿ ಅವಸರ ಬೇಡ. ಮುಂದಿನ ನಿರ್ಧಾರಕ್ಕೆಲ್ಲ ಆಧಾರ ಇದೇ ಸಂಖ್ಯೆ.

ತೋಟೆಯ ಬುಡದಿಂದ ಗುಂಡಿನ ತುದಿಯವರೆಗಿನ ಉದ್ದವನ್ನು ನಂಬಬೇಡಿ. ತೆರೆದ ತುದಿಯ ಟಾರ್ಗೆಟ್ ಗುಂಡುಗಳಲ್ಲಿ ಒಂದೇ ಡಬ್ಬಿಯೊಳಗೇ ತುದಿ ಹೆಚ್ಚುಕಡಿಮೆ ಇರುತ್ತದೆ. ತುದಿ ಲ್ಯಾಂಡಿಗೆ ತಾಗುವುದೂ ಇಲ್ಲ. ತಾಗುವುದು ಮೂತಿಯ ಬಾಗು. ಅದಕ್ಕೇ ಕ್ಯಾಲಿಪರ್‌ಗೆ ಕಂಪ್ಯಾರೇಟರ್ ಸಿಕ್ಕಿಸಿ ಬುಡದಿಂದ ಬಾಗಿನವರೆಗೆ ಅಳೆಯಬೇಕು. ಕಂಪ್ಯಾರೇಟರ್ ಅಂದರೆ ಹೆಚ್ಚುಕಡಿಮೆ ಲ್ಯಾಂಡಿನ ವ್ಯಾಸದ ತೂತಿರುವ ಸಣ್ಣ ತುಂಡು, ಅಷ್ಟೇ. ಒಬ್ಬರ ಕಂಪ್ಯಾರೇಟರ್ ಸಂಖ್ಯೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಗೆಳೆಯರ ಸಂಖ್ಯೆ ತಂದು ನಿಮ್ಮದಕ್ಕೆ ಹೋಲಿಸಬೇಡಿ.

ತಾಗುವ ಜಾಗ ಹುಡುಕಲು ನನಗೆ ಹೆಚ್ಚು ನಂಬಿಕೆ ಇರುವುದು ಬಿಚ್ಚಿದ ಬೋಲ್ಟಿನ ವಿಧಾನದಲ್ಲಿ. ಡಮ್ಮಿಯಲ್ಲಿ ಗುಂಡನ್ನು ಬೇಕೆಂದೇ ಉದ್ದಕ್ಕೆ ಕೂರಿಸಿ. ಬೋಲ್ಟಿನ ಹಿಡಿ ಬೀಳುವುದಿಲ್ಲ. ಸೀಟಿಂಗ್ ಡೈಯಲ್ಲಿ 2-3 ಥೌ ಒಳಕ್ಕೆ ತಳ್ಳಿ, ಮತ್ತೆ ಹಾಕಿ. ಹೀಗೆ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಹಿಡಿ ತಾನಾಗಿಯೇ ಕೆಳಗೆ ಬೀಳುತ್ತದೆ, ತೆರೆಯುವಾಗಲೂ 'ಟಿಕ್' ಎಂದು ಅಂಟುವುದಿಲ್ಲ. ಆಗಿನ ಉದ್ದವೇ ಆ ಗುಂಡು ಲ್ಯಾಂಡಿಗೆ ತಾಗುವ ಉದ್ದ. ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು, 0.0254 ಮಿಲಿಮೀಟರ್. ಲೇತ್ ಮುಂದೆ ನಿಂತು ಕೆಲಸ ಮಾಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಡೈ ಇಲ್ಲದಿದ್ದರೆ ಕೇಸಿನ ಕುತ್ತಿಗೆಯನ್ನು ಉದ್ದಕ್ಕೆ ಸೀಳಿ, ಗುಂಡನ್ನು ಸಡಿಲವಾಗಿ ಸಿಕ್ಕಿಸಿ ಬೋಲ್ಟ್ ಮುಚ್ಚುವ ಹಳೆಯ ದಾರಿ ಇದೆ. ಲ್ಯಾಂಡ್ ಗುಂಡನ್ನು ಹಿಂದಕ್ಕೆ ತಳ್ಳಿ ಸರಿಯಾದ ಉದ್ದಕ್ಕೆ ಕೂರಿಸುತ್ತದೆ. ತೊಂದರೆ ಏನೆಂದರೆ, ಹೊರಗೆ ಎಳೆಯುವಾಗ ಲ್ಯಾಂಡ್ ಗುಂಡನ್ನು ಹಿಡಿದುಕೊಂಡು ಸ್ವಲ್ಪ ಜಗ್ಗಿಬಿಡುತ್ತದೆ. ಆಗ ಅಳತೆ ಸುಳ್ಳೇ ಉದ್ದ ಬರುತ್ತದೆ. ಥ್ರೋಟ್ ಗಿಡ್ಡ ಇದ್ದರೂ ಸರಿ ಇದೆ ಎಂದು ತೋರಿಸುವ ತಪ್ಪು ಇದು. ಕೆಲವು ಸಲ ಮಾಡಿ, ಸಂಖ್ಯೆ ಒಂದೇ ಕಡೆ ನಿಲ್ಲುತ್ತಿದೆಯೇ ನೋಡಿ.

ಒಂದು ಉದಾಹರಣೆ. ನಿಮ್ಮ ಗುಂಡು ಲ್ಯಾಂಡಿಗೆ ತಾಗುವುದು ಬುಡದಿಂದ 2.200 ಇಂಚಿನಲ್ಲಿ ಎಂದುಕೊಳ್ಳಿ. ಅದೇ ಗುಂಡಿನ ಫ್ಯಾಕ್ಟರಿ ತೋಟೆಯನ್ನು ಅದೇ ಕಂಪ್ಯಾರೇಟರಿನಲ್ಲಿ ಅಳೆದರೆ 2.225. ಅಂದರೆ ಬೋಲ್ಟ್ ಮುಚ್ಚಿದಾಗ ಗುಂಡು 25 ಥೌ ಲ್ಯಾಂಡಿನೊಳಗೆ ತುರುಕಿಕೊಳ್ಳುತ್ತದೆ. ಬಿಗಿಯೂ ಇದೇ, ಗೀರೂ ಇದೇ, ಸಿಕ್ಕಿಕೊಂಡ ಗುಂಡೂ ಇದೇ. ರೋಗ ಸಿಕ್ಕಿತು.

ಆದರೆ ಇನ್ನೊಂದು ತಯಾರಿಕೆಯ ಗುಂಡನ್ನೂ ಅಳೆಯದೆ ತೀರ್ಪು ಕೊಡಬೇಡಿ. .308 ತೋಟೆಯ ಒಟ್ಟು ಉದ್ದ ಸಾಮಿ ಪ್ರಕಾರ 2.810 ಇಂಚು ಮೀರಬಾರದು. ಆ ಮಿತಿಯೊಳಗಿರುವ ಮಾಮೂಲಿ ತೋಟೆಗಳೆಲ್ಲ ತುರುಕಿಕೊಳ್ಳುತ್ತಿದ್ದರೆ ಚೇಂಬರ್ ನಿಜವಾಗಿಯೂ ಗಿಡ್ಡ. ಒಂದೇ ಒಂದು ದಪ್ಪ ಮೂತಿಯ ಗುಂಡು ಮಾತ್ರ ಹಾಗೆ ಮಾಡಿದರೆ ಆ ಗುಂಡು ಈ ಚೇಂಬರಿಗೆ ಒಗ್ಗುವುದಿಲ್ಲ, ಬ್ಯಾರೆಲ್ ಸರಿಯಾಗಿಯೇ ಇದೆ.

ಹಾರಿಸಿದ ಮೇಲೆ ಕಂಡ ಲಕ್ಷಣಗಳು

ಕೆಲವರು ರೇಂಜಿಗೆ ಹೋಗಿ ಬಂದ ಮೇಲೆ ಅನುಮಾನ ಪಡುತ್ತಾರೆ. ಬೋಲ್ಟ್ ಎತ್ತಲು ಕಷ್ಟ, ಪ್ರೈಮರ್ ಚಪ್ಪಟೆ, ಕೇಸಿನ ಬುಡದಲ್ಲಿ ಇಜೆಕ್ಟರಿನ ಹೊಳೆಯುವ ಗುರುತು. ಇವೆಲ್ಲ ಹೆಚ್ಚು ಒತ್ತಡದ ಚಿಹ್ನೆಗಳು. ಆದರೆ ಕಾರಣ ಹೇಳುವುದಿಲ್ಲ. ಪ್ರೈಮರ್ ಒಂದನ್ನೇ ನೋಡಿ ತೀರ್ಮಾನ ಮಾಡುವವರ ಮಾತನ್ನು ನಾನಂತೂ ಜಾಸ್ತಿ ನಂಬುವುದಿಲ್ಲ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಹೆಚ್ಚು ನೇರವಾಗಿ ಹೇಳುತ್ತದೆ. ಅಷ್ಟೇ ಉದ್ದದ ಬ್ಯಾರೆಲ್ಲಿನಲ್ಲಿ, ಅಷ್ಟೇ ಮದ್ದಿಗೆ, ಪುಸ್ತಕದಲ್ಲಿ ಕೊಟ್ಟಿದ್ದಕ್ಕಿಂತ ಗುಂಡಿನ ವೇಗ ಬಹಳ ಜಾಸ್ತಿ ಬರುತ್ತಿದ್ದರೆ ಖುಷಿಪಡಬೇಡಿ. ವೇಗ ಪುಕ್ಕಟೆ ಬರುವುದಿಲ್ಲ, ಒತ್ತಡದಿಂದ ಬರುತ್ತದೆ. ಹಾರಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಈ ಕಥೆಯ ಅತಿ ಪ್ರಸಿದ್ಧ ರೂಪ .223 ರೆಮಿಂಗ್ಟನ್ ಚೇಂಬರಿನಲ್ಲಿ 5.56 ನೇಟೋ ತೋಟೆ ಹಾರಿಸುವುದು. ಹೊರಗಿನಿಂದ ಎರಡೂ ಒಂದೇ. 5.56ರ ಥ್ರೋಟ್ ಮಾತ್ರ ಉದ್ದ. ಆ ಉದ್ದವನ್ನು ನಂಬಿ ತುಂಬಿದ ತೋಟೆಯನ್ನು ಗಿಡ್ಡ ಥ್ರೋಟಿನಲ್ಲಿ ಹಾರಿಸಿದರೆ ಒತ್ತಡ ಏರುತ್ತದೆ, ಪ್ರೈಮರ್ ಕಿತ್ತುಕೊಂಡು ಆಕ್ಷನ್ ಒಳಗೆ ಬೀಳಲೂಬಹುದು. ಆ ಜೋಡಣೆ ಬೇಡವೆಂದು ಸಾಮಿ ಎಚ್ಚರಿಸುತ್ತದೆ. ಬ್ಯಾರೆಲ್ಲಿನ ಮೇಲೆ ಏನು ಕೆತ್ತಿದೆ ಎಂದು ಮೊದಲು ಓದಿದರೆ ಎಷ್ಟೋ ಜನರ "ನಿಗೂಢ ಸಮಸ್ಯೆ" ಅಲ್ಲೇ ಮುಗಿಯುತ್ತದೆ.

ಯಾಕೆ ಹೀಗಾಯಿತು

ಗೋ ಗೇಜ್ ಸರಿಯಾಗಿ ಕೂರುತ್ತಿದೆ, ಥ್ರೋಟ್ ಮಾತ್ರ ಗಿಡ್ಡ. ಇದು ಹೇಗೆ ಸಾಧ್ಯ? ಹೆಚ್ಚಿನ ಫಿನಿಶ್ ರೀಮರ್‌ಗಳು ಮೈ, ಭುಜ, ಕುತ್ತಿಗೆ, ಥ್ರೋಟ್ ಎಲ್ಲವನ್ನೂ ಒಂದೇ ಸಲಕ್ಕೆ ಕೊರೆಯುತ್ತವೆ. ಭುಜ ಸರಿಯಾದ ಜಾಗದಲ್ಲಿದ್ದರೆ ಥ್ರೋಟ್ ಕೂಡ ರೀಮರ್ ನಕ್ಷೆಯಲ್ಲಿ ಇದ್ದಂತೆಯೇ ಬಂದಿರಬೇಕು. ಅಂದರೆ ಕೈ ತಪ್ಪಿಲ್ಲ, ನಕ್ಷೆಯೇ ಹಾಗಿದೆ. ಬಾಡಿಗೆಗೆ ತಂದ ರೀಮರ್ ಹಗುರ ಗುಂಡಿಗೆಂದು ಮಾಡಿದ್ದಿರಬಹುದು. ಪಾಮಾ ಎಂಬ ದೂರದ ಗುರಿಯ ಸ್ಪರ್ಧೆಯ 155 ಗ್ರೇನಿನ ಗುಂಡಿಗೆ ಹೊಂದಿಸಿದ ಚೇಂಬರಿಗೆ ಭಾರದ ಗುಂಡು ತುರುಕಿದರೆ ಹೀಗೇ ಆಗುವುದು. ಅಥವಾ ಫ್ರೀಬೋರೇ ಇಲ್ಲದ ರೀಮರ್ ಇರಬಹುದು. ಅಂಥದ್ದನ್ನು ಬೇಕೆಂದೇ ಮಾಡಿಸುತ್ತಾರೆ, ಆಮೇಲೆ ಬೇರೆ ಥ್ರೋಟಿಂಗ್ ರೀಮರ್ ಓಡಿಸುವ ಉದ್ದೇಶದಿಂದ. ಆ ಎರಡನೆಯ ಹಂತ ಬಿಟ್ಟುಹೋಗಿರುತ್ತದೆ. ಬ್ಯಾರೆಲ್ ಕೊಟ್ಟವರ ಹತ್ತಿರ ರೀಮರ್ ನಕ್ಷೆ ಕೇಳಿ. ಒಳ್ಳೆಯವರು ಕೊಡುತ್ತಾರೆ.

ನಕ್ಷೆ ಸಿಗದಿದ್ದರೆ ಚೇಂಬರಿನ ಅಚ್ಚು ತೆಗೆಯಬಹುದು. ಇದಕ್ಕೆ ಸೆರೋಸೇಫ್ ಎಂಬ ಮಿಶ್ರಲೋಹ ಸಿಗುತ್ತದೆ. ಸುಮಾರು 70ರಿಂದ 88 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಥ್ರೋಟಿನ ಮುಂದೆ ಬಟ್ಟೆ ಚೂರು ಬಿಗಿದು ಹಿಂದಿನಿಂದ ಸುರಿಯುವುದು. ಆರುವಾಗ ಮೊದಲು ಕುಗ್ಗುತ್ತದೆ, ಆಗ ಹೊರಗೆ ತೆಗೆಯಬೇಕು. ಒಂದು ಗಂಟೆಯ ಹೊತ್ತಿಗೆ ಚೇಂಬರಿನ ಅಳತೆಗೇ ವಾಪಸ್ ಬರುತ್ತದೆ, ಅದು ಅಳೆಯುವ ಸಮಯ. ಮರುದಿನಕ್ಕೆ ಬಿಟ್ಟರೆ ಇನ್ನೂ ಹಿಗ್ಗಿರುತ್ತದೆ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇವೆ. ಗಾಳಿಯಾಡುವ ಕಡೆ ಮಾಡಿ, ಅಡುಗೆ ಪಾತ್ರೆ ಮುಟ್ಟಬೇಡಿ.

ಏನು ಮಾಡಬಹುದು

ಸುಲಭದ ದಾರಿ ಗುಂಡು ಬದಲಿಸುವುದು. ರೀಲೋಡಿಂಗ್ ಮಾಡುವವರಾದರೆ (ತೋಟೆಯನ್ನು ತಾವೇ ತುಂಬಿಕೊಳ್ಳುವವರು) ಗುಂಡನ್ನು ಒಳಕ್ಕೆ ಕೂರಿಸಿ ಲ್ಯಾಂಡಿನಿಂದ 15-20 ಥೌ ಅಂತರ ಬಿಡಬಹುದು. ಆದರೆ ಒಳಕ್ಕೆ ಹೋದ ಗುಂಡು ಕೇಸಿನೊಳಗೆ ಮದ್ದಿನ ಜಾಗ ತಿನ್ನುತ್ತದೆ, ಅದರಿಂದಲೂ ಒತ್ತಡ ಏರುತ್ತದೆ. ಹಳೆಯ ಲೆಕ್ಕ ಹಾಗೇ ಇಟ್ಟುಕೊಳ್ಳುವಂತಿಲ್ಲ. ಮ್ಯಾನುಯಲ್‌ನ ಆರಂಭದ ಪ್ರಮಾಣದಿಂದ ಮತ್ತೆ ಶುರು ಮಾಡಬೇಕು. ಗುಂಡಿನ ನೇರ ಭಾಗ ಕುತ್ತಿಗೆ ದಾಟಿ ಭುಜದೊಳಕ್ಕೆ ಇಳಿಯುವಷ್ಟು ತಳ್ಳಬೇಕಾಗಿ ಬಂದರೆ ಈ ದಾರಿ ಬಿಡುವುದೇ ವಾಸಿ. ಫ್ಯಾಕ್ಟರಿ ತೋಟೆಯ ಗುಂಡನ್ನು ಮನೆಯಲ್ಲಿ ಒಳಕ್ಕೆ ಒತ್ತುವುದಂತೂ ಖಂಡಿತ ಬೇಡ. ಒಳಗೆ ಯಾವ ಮದ್ದು, ಎಷ್ಟಿದೆ ನಿಮಗೆ ಗೊತ್ತಿಲ್ಲ.

"ಹಾರಿಸ್ತಾ ಹೋಗಿ, ಥ್ರೋಟ್ ತಾನೇ ಸವೆಯುತ್ತೆ" ಅನ್ನುವ ಸಲಹೆಯೂ ಸಿಗುತ್ತದೆ. ಅದು ಸವೆಯುವವರೆಗಿನ ಪ್ರತಿ ತೋಟೆಯೂ ಹೆಚ್ಚು ಒತ್ತಡದ್ದೇ, ಅಲ್ವಾ?

ಸರಿಯಾದ ರಿಪೇರಿ ಥ್ರೋಟಿಂಗ್ ರೀಮರ್. ಅದು ಕುತ್ತಿಗೆಯ ಮುಂದಿನ ಭಾಗವನ್ನು ಮಾತ್ರ ಕೊರೆಯುತ್ತದೆ, ಹೆಡ್‌ಸ್ಪೇಸ್ ಮುಟ್ಟುವುದಿಲ್ಲ. ಬ್ಯಾರೆಲ್ಲಿನ ಬೋರಿಗೆ ಹೊಂದುವ ಪೈಲಟ್ (ರೀಮರನ್ನು ನೇರವಾಗಿ ಹಿಡಿಯುವ ಮುಂತುದಿ) ಇಲ್ಲದಿದ್ದರೆ ಥ್ರೋಟ್ ಓರೆಯಾಗುತ್ತದೆ. ಓರೆ ಥ್ರೋಟಿಗೆ ಬೇರೆ ಪರಿಹಾರವಿಲ್ಲ, ಬ್ಯಾರೆಲ್ ಕತ್ತರಿಸಿ ಚೇಂಬರ್ ಮತ್ತೆ ಮಾಡಬೇಕು. ಈ ಕೆಲಸ ಗನ್‌ಸ್ಮಿತ್‌ಗೆ ಬಿಡಿ ಎಂದೇ ನನ್ನ ಸಲಹೆ. ನೀವು ಮಾಡಬೇಕಾದ್ದು ಅವರಿಗೆ ಸರಿಯಾದ ಡಮ್ಮಿ ಕೊಡುವುದು. ನಿಮ್ಮ ಗುಂಡು, ನಿಮ್ಮ ಮ್ಯಾಗಜೀನಿಗೆ ಹಿಡಿಸುವ ಉದ್ದಕ್ಕೆ ಕೂರಿಸಿದ್ದು, ಪ್ರೈಮರ್ ಗೂಡು ಖಾಲಿ. ಜೊತೆಗೆ ಲ್ಯಾಂಡಿನಿಂದ ಎಷ್ಟು ಥೌ ಅಂತರ ಬೇಕು ಎಂದು ಚೀಟಿಯಲ್ಲಿ ಬರೆದುಕೊಡಿ. "ಸ್ವಲ್ಪ ಉದ್ದ ಮಾಡಿ" ಅಂದರೆ ಅವರ ಸ್ವಲ್ಪ ನಿಮ್ಮ ಸ್ವಲ್ಪ ಆಗಿರುವುದಿಲ್ಲ.

ಬ್ಯಾರೆಲ್ ವಾಪಸ್ ಬಂದಾಗ ಗೋ, ನೋ-ಗೋ ಎರಡನ್ನೂ ಮತ್ತೆ ಹಾಕಿ ನೋಡಿ, ನಟ್ ಬಿಚ್ಚಿ ಬಿಗಿದಿದ್ದರಂತೂ ತಪ್ಪಿಸಬೇಡಿ. ಚೇಂಬರಿನಲ್ಲಿ ಚೂರು ಉಳಿದಿಲ್ಲ ಎಂದು ಒರೆಸಿ ನೋಡಿ. ಬಿಚ್ಚಿದ ಬೋಲ್ಟಿನಲ್ಲಿ ಅದೇ ಡಮ್ಮಿ ಹಾಕಿ, ಹಿಡಿ ತಾನಾಗಿ ಬೀಳಬೇಕು. ತಾಗುವ ಉದ್ದವನ್ನು ಹೊಸದಾಗಿ ಅಳೆದು, ಗುಂಡಿನ ಹೆಸರು ಮತ್ತು ತಾರೀಖಿನ ಜೊತೆ ಬರೆದಿಡಿ. ಮದ್ದಿನ ಹಳೆಯ ಪಟ್ಟಿ ಈ ಚೇಂಬರಿಗೆ ಸಲ್ಲುವುದಿಲ್ಲ, ಅದನ್ನು ಪಕ್ಕಕ್ಕಿಟ್ಟು ಕೆಳಗಿನ ಪ್ರಮಾಣದಿಂದಲೇ ಮೇಲೆ ಬನ್ನಿ.